ಪೇಸ್ಟಲ್ ಪ್ರಸಂಗ

ಅಪ್ಪನಿಗೆ 70 ತುಂಬಿ ಭೀಮರಥ ಶಾಂತಿ ಮಾಡಿಸುವುದೆಂದು ನಿಶ್ಚಯವಾದಾಗ ಪುರೋಹಿತರು ಕೊಟ್ಟ ಸಾಮಾನಿನ ಪಟ್ಟಿಗಿಂತ ಉದ್ದವಾಗಿದ್ದದ್ದು ಅಮೆರಿಕದಿಂದ ಅತ್ತಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ. ಹೋಮದ ಮಾರನೆಯ ದಿನ ಮನೆಮಂದಿಯೆಲ್ಲ ಸೇರಿ ಫೋಟೊ ತೆಗೆಸಿಕೊಳ್ಳಬೇಕು, ಎಲ್ಲರೂ ಪೇಸ್ಟಲ್ ಬಣ್ಣದಲ್ಲೇ ಬರಬೇಕು ಎಂಬುದು ಸಾರಾಂಶ. ಮಾದರಿಗೆಂದು ಒಂದು ಚಿತ್ರವೂ ಇತ್ತು: ಸಮುದ್ರದಂಡೆಯಲ್ಲಿ ಬರಿಗಾಲಲ್ಲಿ ನಿಂತು ನಗುವ ಬಿಳಿಯರ ಸಂಸಾರ. ಅಮ್ಮ ಕನ್ನಡಕ ಏರಿಸಿ, ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. “ಇದೇನೇ, ಒಗೆದೊಗೆದು ಬಣ್ಣ ಬಿಟ್ಟಿರೋ ಬಟ್ಟೆ! ಇಂಥವನ್ನೆಲ್ಲ ಪಾತ್ರೆಯವನಿಗೆ ಹಾಕಿ ಡಬರಿ ತಗೊಂಡೆನಲ್ಲ!”

ಅಮ್ಮನ ಪ್ರಕಾರ ಫೋಟೊ ಅಂದರೆ ಮೈಸೂರು ಸಿಲ್ಕ್. ಮಿಕ್ಕಿದ್ದೆಲ್ಲ ಮನೆಯಲ್ಲಿ ಉಡುವುದು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಮೇಲೆ ಅವಳಿಗಿರುವುದು ಅಪ್ಪಟ ಪ್ರಜೆಯ ನಿಷ್ಠೆ. ಕಪ್ಪು ಶುಭಕಾರ್ಯಕ್ಕೆ ಕೂಡದು ಎಂಬ ಇನ್ನೊಂದು ಶಾಸನವೂ ಅವಳಿಂದ ಹೊರಟಿತು. ನನ್ನ ಮಗಳ ಬೀರುವಿನಲ್ಲೋ, ಕಪ್ಪು ಬಿಟ್ಟರೆ ಕಡುಗಪ್ಪು.

ಚಿಕ್ಕಪ್ಪನದು ಬೇರೆಯೇ ಸಂಕಟ. ಬ್ಯಾಂಕಿನಿಂದ ನಿವೃತ್ತರಾದ ಅವರ ಅಂಗಿಗಳೆಲ್ಲ ಸಣ್ಣ ಗೀಟಿನವು. “ಗೀಟು ಬೇಡ ಸಾರ್, ಅಲೆ ಅಲೆ ಬರುತ್ತೆ” ಎಂದ ಫೋಟೊದ ಹುಡುಗ. ಡಿಜಿಟಲ್ ಕ್ಯಾಮೆರಾದೊಳಗಿನ ಚುಕ್ಕಿಗಳ ಸಾಲಿಗೂ ಬಟ್ಟೆಯ ಗೆರೆಗಳ ಸಾಲಿಗೂ ತಾಳೆಯಾಗದೆ ಅಂಗಿಯ ಮೇಲೆ ಇಲ್ಲದ ಸುಳಿಗಳು ಏಳುತ್ತವಂತೆ. “ನಾನು ಕ್ಯಾಶ್ ಕೌಂಟರಿನಲ್ಲಿ ಕೂತಿದ್ದಷ್ಟು ಕಾಲ ಯಾವ ಗಿರಾಕಿಗೂ ಅಲೆ ಕಾಣಲಿಲ್ಲ ಕಣಯ್ಯಾ” ಎಂದು ಚಿಕ್ಕಪ್ಪ ಗೀಟಿನ ಅಂಗಿಯನ್ನೇ ಇಸ್ತ್ರಿಗೆ ಕೊಟ್ಟರು.

ಅಜ್ಜ ಅಜ್ಜಿಯ ಕಾಲದಲ್ಲಿ ಈ ತಲೆನೋವು ಸ್ಟುಡಿಯೊದವನದಾಗಿತ್ತು. ಅವನ ಗೂಟದಲ್ಲಿ ಒಂದು ಕೋಟು ಸದಾ ತಯಾರು. ನಮ್ಮ ನಡುಮನೆಯ ಗೋಡೆಯಲ್ಲಿ ಅಜ್ಜ ಕಚ್ಚೆಪಂಚೆಯ ಮೇಲೆ ತೊಟ್ಟಿರುವ ಕೋಟನ್ನೇ ಅದೇ ಬೀದಿಯ ಇತರ ಅಜ್ಜಂದಿರೂ ತಂತಮ್ಮ ಗೋಡೆಗಳಲ್ಲಿ ತೊಟ್ಟಿದ್ದಾರೆ. ಒಬ್ಬರಿಗೆ ತೋಳು ಮಣಿಕಟ್ಟು ಮುಟ್ಟದು, ಇನ್ನೊಬ್ಬರಿಗೆ ಬೆರಳೇ ಕಾಣದು. ಅಜ್ಜಿಯ ಸೀರೆ ಮಾತ್ರ ಸ್ವಂತದ್ದು. ಫೋಟೊದಲ್ಲಿ ಅದು ಕಪ್ಪಗಿದೆ. ಅದರ ನಿಜವಾದ ಬಣ್ಣದ ಬಗ್ಗೆ ಅತ್ತೆಯರಲ್ಲಿ ಇಂದಿಗೂ ವ್ಯಾಜ್ಯ: ದೊಡ್ಡತ್ತೆ ಅರಗಿನ ಕೆಂಪು ಎನ್ನುತ್ತಾರೆ, ಚಿಕ್ಕತ್ತೆ ನೀಲಿ. ನಾನು ದೊಡ್ಡತ್ತೆಯ ಪಕ್ಷ. ಹಳೆಯ ಆರ್ಥೊಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಾಗಿ, ನೀಲಿ ಬಿಳಿಚಿಕೊಂಡು ಮೂಡುತ್ತಿತ್ತು. ಬೇಕಾದರೆ ಅಜ್ಜಿಯ ಹಣೆ ನೋಡಿ, ಕುಂಕುಮವೂ ಕಾಡಿಗೆಯಷ್ಟು ಕಪ್ಪು. ಚಿಕ್ಕತ್ತೆ ಈ ವಿಜ್ಞಾನವನ್ನು ಒಪ್ಪಿಲ್ಲ.

ಇನ್ನು ನನ್ನ ವಿಷಯ. ಹೆಂಗಸರು ಸೀರೆ ಆರಿಸುತ್ತಾರೆಂದು ಗಂಡಸರು ನಂಬಿದ್ದಾರೆ. ನಾವು ಆರಿಸುವುದು ಬ್ಲೌಸನ್ನು. ಯಾವುದು ಈಗಲೂ ಮೈಗೆ ಹಿಡಿಸುತ್ತದೋ ಅದರ ಸೀರೆ ಬೀರುವಿನಿಂದ ಹೊರಬರುತ್ತದೆ. ನನ್ನಲ್ಲಿದ್ದ ಏಕೈಕ ಪೇಸ್ಟಲ್, ತಿಳಿ ಗುಲಾಬಿ ಸೀರೆಯ ಬ್ಲೌಸು ಮೊಣಕೈ ದಾಟಿ ಮೇಲೇರಲಿಲ್ಲ. ಟೈಲರ್ ಅದನ್ನು ಒಳಮಗ್ಗುಲಿಗೆ ತಿರುವಿ, ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ, “ಮಾರ್ಜಿನ್ ಇಲ್ಲ ಮೇಡಂ, ಹೋದ ಸಲಾನೇ ಎಲ್ಲಾ ಬಿಟ್ಟಾಯ್ತು” ಎಂದರು, ಮಗ್ಗುಲಲ್ಲಿ ಗಿರಾಕಿಗಳಿದ್ದರೂ ದನಿ ತಗ್ಗಿಸದೆ. ಹೊಸದು ಹೊಲಿದುಕೊಡಿ ಎಂದರೆ “ಹಬ್ಬ ಕಳೀಲಿ” ಎಂಬ ಉತ್ತರ. ಯಾವ ಹಬ್ಬ ಎಂದು ಟೈಲರನ್ನು ಕೇಳುವ ಧೈರ್ಯ ನಮ್ಮ ಬಡಾವಣೆಯಲ್ಲಿ ಯಾರಿಗೂ ಇಲ್ಲ. ಕಡೆಗೆ ಹಿಡಿಸಿದ ಬ್ಲೌಸು ಗಿಣಿಹಸಿರು, ಆದ್ದರಿಂದ ಸೀರೆಯೂ ಗಿಣಿಹಸಿರು.

ಯಾರೂ ಏನೂ ಕೇಳದೆ ಬಿಟ್ಟಿದ್ದು ಅಪ್ಪನನ್ನೊಬ್ಬನನ್ನೇ. ಅವನು ಉಡುಗೊರೆ ಬಂದ ಜರಿಪಂಚೆ, ಶಲ್ಯ, ಅವುಗಳ ನಡುವೆ ಮರೂನ್ ಬಣ್ಣದ ತೋಳಿಲ್ಲದ ಸ್ವೆಟರ್ ಏರಿಸಿಕೊಂಡು ಎಲ್ಲರಿಗಿಂತ ಮೊದಲು ಕುರ್ಚಿ ಹಿಡಿದ.

ಅತ್ತಿಗೆ ಆಗಲೇ ಅರ್ಧ ಸೋತಿದ್ದರು. ಹೋಮದ ಸಂಜೆ ಅಮ್ಮ ಅರಿಶಿನ ಕುಂಕುಮ, ತೆಂಗಿನಕಾಯಿಯ ಜೊತೆ ಕುಂಕುಮಬಣ್ಣದ ಮೈಸೂರು ಸಿಲ್ಕನ್ನು ಅವರ ಮಡಿಲಿಗಿಟ್ಟು, “ನಾಳೆ ಫೋಟೊಗೆ ಇದನ್ನೇ ಉಟ್ಟುಕೋಮ್ಮಾ” ಎಂದಿದ್ದಳು. ಅತ್ತೆ ಕೊಟ್ಟ ಸೀರೆಗೆ ಇಲ್ಲವೆನ್ನುವುದುಂಟೆ? ರಾತ್ರಿ ಬೆಳಗಾಗುವುದರೊಳಗೆ ಬ್ಲೌಸ್ ಹೊಲಿಯುವವರು ಎಲ್ಲಿ? ತಾವು ತಂದಿದ್ದ ಪುದೀನ ಬಣ್ಣದ ಬ್ಲೌಸಿನ ಮೇಲೇ ಉಟ್ಟರು.

ಫೋಟೊ ಕಟ್ಟು ಹಾಕಿಸಿ ಬಂತು. ಕಡುಗಪ್ಪು, ಗೀಟು, ಗಿಣಿಹಸಿರು, ಮರೂನು ಎಲ್ಲವನ್ನೂ ದಾಟಿ ಅಮ್ಮನ ಕಣ್ಣು ಒಂದೇ ಕಡೆ ನಿಂತಿತು. “ಎಲ್ಲಾ ಚೆನ್ನಾಗಿ ಬಂದಿದೆ. ಇವಳ ಬ್ಲೌಸೊಂದು ಮ್ಯಾಚ್ ಆಗಲಿಲ್ಲ ನೋಡು.”