ಒಗ್ಗರಣೆ ಡಬ್ಬಿಯಲ್ಲಿ ಯೆಜ್ಡಿ

ಹೊರನಾಡ ಕನ್ನಡ ಗೃಹಸ್ಥನ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಜಾಗವಿರುತ್ತದೆಯಾದ್ದರಿಂದ, ನ್ಯೂಜೆರ್ಸಿಯ ಮನೆಯೊಂದರಲ್ಲಿ ಸೋನಾ ಮಸೂರಿಯ ಚೀಲಕ್ಕೂ ಗಣೇಶನ ಥರ್ಮೋಕೋಲ್ ಮಂಟಪಕ್ಕೂ ನಡುವೆ ಯೆಜ್ಡಿ ಮೋಟಾರುಸೈಕಲ್ಲೊಂದು ಕಂಡುಬಂದರೆ, ಅದನ್ನು ವಾಹನವೆಂದಲ್ಲ, ಪಿತ್ರಾರ್ಜಿತವೆಂದೇ ವರ್ಗೀಕರಿಸಬೇಕಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜೆಕ್ ಮೂಲದ ಜಾವಾವನ್ನೂ ಆಮೇಲೆ ಯೆಜ್ಡಿಯನ್ನೂ ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಅಮೆರಿಕದಲ್ಲಿ 25 ವರ್ಷ ದಾಟಿದ ವಾಹನಕ್ಕೆ ಅಲ್ಲಿನ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇರುವುದರಿಂದ, ವಯಸ್ಸೊಂದನ್ನೇ ಅರ್ಹತೆಯಾಗಿ ತೋರಿಸಿ ಯೆಜ್ಡಿ ಒಳಬರಬಲ್ಲದು. ಅದರ ಒಡೆಯನಾದರೋ ಎರಡು ಪದವಿಗಳನ್ನು ತೋರಿಸಿಯೂ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತೇ ಇರುತ್ತಾನೆ.

ಟೂ-ಸ್ಟ್ರೋಕ್ ಎಂದರೆ ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಹೀರುವ, ಒತ್ತುವ, ಉರಿಸುವ, ಹೊಗೆಯುಗುಳುವ ನಾಲ್ಕೂ ಕೆಲಸಗಳನ್ನು ಮುಗಿಸುವ ಎಂಜಿನ್ನು. ಇದರಲ್ಲಿ ವಾಲ್ವುಗಳಿರುವುದಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳೆಂಬ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಇಂಧನ ಕ್ರ್ಯಾಂಕಿನ ಕೋಣೆಯ ಮೂಲಕವೇ ಹಾದುಹೋಗುವುದರಿಂದ ಅಲ್ಲಿ ಎಣ್ಣೆಯನ್ನು ನಿಲ್ಲಿಸುವಂತಿಲ್ಲ, ಹಾಗಾಗಿ ಲೀಟರು ಪೆಟ್ರೋಲಿಗೆ ಸುಮಾರು 40 ಮಿಲಿಲೀಟರು ಎಣ್ಣೆ ಬೆರೆಸಬೇಕು. ಆ ಎಣ್ಣೆ ಉರಿದಾಗಿನ ನೀಲಿ ಹೊಗೆಯ ವಾಸನೆಗಾಗಿಯೇ ಗೃಹಸ್ಥ ಈ ವ್ಯವಹಾರಕ್ಕೆಲ್ಲ ಕೈಹಾಕಿರುತ್ತಾನೆ, ಆದರೆ ಹಾಗೆಂದು ಒಪ್ಪಿಕೊಳ್ಳುವುದಿಲ್ಲ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರು ಬದಲಿಸುವ ಯೆಜ್ಡಿಯ ಏರ್ಪಾಟು, ಒಬ್ಬಳೇ ಸೊಸೆಗೆ ಎರಡು ಮನೆಯ ಕೆಲಸ ಹೇಳುವ ಕುಟುಂಬಗಳಿಗೆ ಅಪರಿಚಿತವೇನಲ್ಲ.

ಬಿಚ್ಚುವುದು ಸುಲಭ, ಬಿಚ್ಚಿದ್ದನ್ನು ಅನುಕ್ರಮದಲ್ಲಿ ಇಡುವುದೇ ಶಾಸ್ತ್ರ. ಗೃಹಿಣಿ ಕನ್ನಡ ಕೂಟದ ಯುಗಾದಿ ನಾಟಕದ ತಾಲೀಮಿಗೆ ಹೋದ ಸಮಯದಲ್ಲಿ ಏಳು ಬಟ್ಟಲುಗಳ ಒಗ್ಗರಣೆ ಡಬ್ಬಿ ಗ್ಯಾರೇಜಿಗೆ ವರ್ಗವಾಗಿ, ಹೆಡ್ಡಿನ ನಟ್ಟುಗಳು ಸಾಸಿವೆಯ ಬಟ್ಟಲಿಗೂ ಕಾರ್ಬುರೇಟರಿನ ಜೆಟ್ಟುಗಳು ಮೆಂತ್ಯದ ಬಟ್ಟಲಿಗೂ ಸೇರುತ್ತವೆ. ಸೈಲೆನ್ಸರಿಗೆ ಹೋಗುವ ಪೋರ್ಟಿನಲ್ಲಿ ಕಟ್ಟಿದ ಕಾರ್ಬನ್ನನ್ನು ಮರದ ಸಟ್ಟುಗದಿಂದ ಕೆರೆಯಬೇಕೆಂಬ ನಿಯಮದ ಪರಿಣಾಮವಾಗಿ ದೋಸೆಯ ಕೆಲಸ ಒಂದು ವಾರ ನಿಂತುಹೋಗುತ್ತದೆ. ಬೇರಿಂಗುಗಳನ್ನು ಕೂರಿಸುವ ವಿಧಾನವಂತೂ ಇಡೀ ಅಡುಗೆಮನೆಯನ್ನು ಒಳಗೊಳ್ಳುತ್ತದೆ: ಅಲ್ಯೂಮಿನಿಯಂ ಕೇಸನ್ನು ಅವನ್ನಿನಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಹಿಗ್ಗುತ್ತದೆ, ಉಕ್ಕಿನ ಬೇರಿಂಗನ್ನು ಫ್ರೀಜರಿನಲ್ಲಿ ತೆಂಗಿನ ತುರಿಯ ಪಕ್ಕದಲ್ಲಿ ಒಂದು ರಾತ್ರಿ ಇಟ್ಟರೆ ಅದು ಕುಗ್ಗುತ್ತದೆ, ಆಗ ಎರಡೂ ಸುತ್ತಿಗೆಯ ಹಂಗಿಲ್ಲದೆ ಕೂಡಿಕೊಳ್ಳುತ್ತವೆ. ರಾತ್ರಿ ಒಂಬತ್ತಕ್ಕೆ, ಅಂದರೆ ಮೈಸೂರಿನ ಬೆಳಗಿನ ಆರೂವರೆಗೆ, ವಿಡಿಯೋ ಕರೆಯಲ್ಲಿ ಹಲ್ಲುಜ್ಜುತ್ತಲೇ ಕಾಣಿಸಿಕೊಳ್ಳುವ ಮೇಸ್ತ್ರಿಯ ಏಕೈಕ ಉಪದೇಶ, "ಸಾರ್, ಮೊದಲು ಆ ಸುತ್ತಿಗೆ ಕೆಳಗಿಡಿ" ಎಂಬುದಾಗಿರುತ್ತದೆ.

ಹೊಸ ರಿಂಗುಗಳೂ ಸರ್ಕ್ಲಿಪ್ಪುಗಳೂ ಆರು ತಿಂಗಳ ವೀಸಾದ ಮೇಲೆ ಬಂದ ಅತ್ತೆಯವರ ಸೂಟ್‌ಕೇಸಿನಲ್ಲಿ, ಚಟ್ನಿಪುಡಿಯ ರಕ್ಷಣೆಯಲ್ಲಿ ಬಂದಿಳಿದಿರುತ್ತವೆ. ರಿಂಗು ತಿರುಗಿ ಅದರ ತುದಿ ಪೋರ್ಟಿಗೆ ಸಿಕ್ಕಿಬೀಳದಂತೆ ಪಿಸ್ಟನ್ನಿನ ತೋಡಿನಲ್ಲಿ ಪುಟ್ಟ ಮೊಳೆಯೊಂದಿರುತ್ತದೆ. ಸರ್ಕ್ಲಿಪ್ಪೆಂದರೆ ಪಿಸ್ಟನ್ನಿನ ಪಿನ್ನು ಪಕ್ಕಕ್ಕೆ ಸರಿಯದಂತೆ ತಡೆಯುವ ತಂತಿಯ ಉಂಗುರ, ಮತ್ತು ಇಕ್ಕಳದಿಂದ ತಪ್ಪಿಸಿಕೊಂಡು ಹಾರುವುದು ಅದರ ಸಹಜಗುಣ. ಹಾಗೆ ಹೊಸದೊಂದು ಹಾರಿಹೋದ ಮೇಲೆ, ಹಳೆಯದನ್ನು ಮತ್ತೆ ಹಾಕಬಾರದು, ಇನ್ನೊಂದು ಹೊಸದು ಮೈಸೂರಿನಲ್ಲಿದೆ ಎಂಬ ಸಂಕಟದಲ್ಲಿ ಅಳಿಯ ಮೂರು ದಿನ ನೆಲದ ಮೇಲೆ ತೆವಳುತ್ತಾನೆ. ಈ ದೇಶದ ಅಕ್ಕಿಯಲ್ಲಿ ಕಲ್ಲಿರುವುದಿಲ್ಲವೆಂದು ಮಗಳು ಎಷ್ಟು ಹೇಳಿದರೂ ಕೇಳದೆ ದಿನವೂ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಯವರು ನಾಲ್ಕನೆಯ ದಿನ ವಿಜಯೋತ್ಸಾಹದಿಂದ, "ನೋಡ್ದೇನೇ? ಕಲ್ಲಿಲ್ಲ ಅಂದ್ಯಲ್ಲ, ಇಲ್ಲಿನ ಅಕ್ಕೀಲಿ ಕಬ್ಬಿಣಾನೇ ಇದೆ!" ಎಂದು ಅದನ್ನು ಎತ್ತಿಹಿಡಿಯುತ್ತಾರೆ.

ಜೋಡಣೆ ಮುಗಿದಾಗ ಜೀರಿಗೆಯ ಬಟ್ಟಲಿನಲ್ಲಿ ಒಂದು ವಾಶರ್ ಉಳಿದಿರುತ್ತದೆ, ಅದರ ಬಗ್ಗೆ ಮೇಸ್ತ್ರಿಗೆ ತಿಳಿಸುವುದಿಲ್ಲ. ಏಳನೆಯ ಕಿಕ್ಕಿಗೆ ಎಂಜಿನ್ನು ಎದ್ದು, ಎರಡೂ ಸೈಲೆನ್ಸರುಗಳಿಂದ ನೀಲಿ ಹೊಗೆ ಮನೆಯೊಳಕ್ಕೆ ನುಗ್ಗಿದಾಗ, ಒಣಮೆಣಸಿನಕಾಯಿಯ ಒಗ್ಗರಣೆಗೆ ಮಾತ್ರ ಅರಚಿ ರೂಢಿಯಿದ್ದ ಹೊಗೆ ಅಲಾರಂ ಕಿರುಚಿಕೊಳ್ಳುತ್ತದೆ. ಮಹಡಿಯಿಂದ ಪೊರಕೆ ಹಿಡಿದು ಇಳಿದ ಗೃಹಿಣಿ, ಅಭ್ಯಾಸಬಲದಿಂದ, ಒಲೆ ಆರಿಸಲು ಅಡುಗೆಮನೆಗೇ ಓಡುತ್ತಾಳೆ.