ಕ್ವಾಯರ್‌ನ ಗಿಟಾರಿಗ

ಕರಾವಳಿಯ ಪ್ರೊಟೆಸ್ಟಂಟ್ ಚರ್ಚುಗಳಲ್ಲಿ ಪಿಯಾನೋದ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಗಿಟಾರಿಗನು ನುಡಿಸುವುದಕ್ಕಿಂತ ಹೆಚ್ಚು ಹೊತ್ತು ಬಿರಡೆ ತಿರುಗಿಸುತ್ತಾನೆ. ಅದಕ್ಕೆ ಪ್ರಶಸ್ತ ಸಮಯ ದೀರ್ಘ ಪ್ರಾರ್ಥನೆ. ಆಗ ಸಭೆಯವರೆಲ್ಲ ಕಣ್ಣು ಮುಚ್ಚಿರುತ್ತಾರೆ. ಕಿವಿ ತೆರೆದೇ ಇರುತ್ತದೆಂಬುದು ಅವನಿಗೆ ಹೊಳೆದಿಲ್ಲ.

ಅವನ ಕಷ್ಟ ಸುಳ್ಳಲ್ಲ. ಹಳೆಯ ಸ್ತುತಿಗೀತೆಗಳಲ್ಲಿ ಇ ಫ್ಲ್ಯಾಟ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್ ಸ್ಕೇಲುಗಳು ಹೇರಳ. ಪಿಯಾನೋಗೆ ಅವು ಲೆಕ್ಕಕ್ಕಿಲ್ಲ. ಇ-ಎ-ಡಿ-ಜಿ-ಬಿ-ಇ ಎಂದು ಟ್ಯೂನ್ ಮಾಡಿದ ಗಿಟಾರಿನಲ್ಲಾದರೆ ಗೀತೆಯುದ್ದಕ್ಕೂ ಬಾರ್ ಕಾರ್ಡ್ ಒತ್ತಿ ಹಿಡಿಯಬೇಕು. ಮೂರನೆಯ ಚರಣಕ್ಕೆ ಕೈ ಸೋಲುತ್ತದೆ. ಒಂದನೆಯ ಮನೆಗೆ ಕೇಪೋ ಹಾಕಿ ಡಿ ಸ್ಕೇಲಿನ ಕಾರ್ಡುಗಳನ್ನು ಹಿಡಿದರೆ ಇ ಫ್ಲ್ಯಾಟ್ ಸಿಕ್ಕಿಬಿಡುತ್ತದೆ. ಅಷ್ಟು ಸುಲಭದ ದಾರಿ ಅವನ ಘನತೆಗೆ ಕಡಿಮೆ.

ಅವನು ಮೊದಲು ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಎರಡೆರಡು ಮನೆ ಇಳಿಸಿ ಡಿ-ಎ-ಡಿ-ಜಿ-ಎ-ಡಿ ಮಾಡುತ್ತಾನೆ. ಆಮೇಲೆ ಅದೇ ಕೇಪೋ ಹಾಕುತ್ತಾನೆ. ಈ ಟ್ಯೂನಿಂಗನ್ನು 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದವನು ಬ್ರಿಟನ್ನಿನ ಡೇವಿ ಗ್ರಹಾಂ. ಮೊರಾಕ್ಕೋದ ಊದ್ ವಾದನದ ಸಹವಾಸದಿಂದ ಹುಟ್ಟಿದ್ದು. ಆರಾಧನೆ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ ಈ ವಂಶಾವಳಿ ಕೇಳದೆ ಮನೆಗೆ ಹೋದವರು ಕಡಿಮೆ. ಸ್ವರ ಹಚ್ಚಿ ಹೇಳುವುದಾದರೆ ಅದು ಸ-ಪ-ಸ-ಮ-ಪ-ಸ. ಗಾಂಧಾರವೇ ಇಲ್ಲದ್ದರಿಂದ ಮೇಜರೂ ಅಲ್ಲ, ಮೈನರೂ ಅಲ್ಲ, ತಂಬೂರಿಯಂತೆ ಗುಂಯ್‌ಗುಡುತ್ತದೆ. ಒಂದೇ ಷಡ್ಜದ ಮೇಲೆ ನಿಲ್ಲುವ ಹಾಡಿಗೆ ನಿಜಕ್ಕೂ ಸೊಗಸು. ಆದರೆ ನಾಲ್ಕು ದನಿಯ ಸ್ತುತಿಗೀತೆಯಲ್ಲಿ ಹೆಚ್ಚುಕಡಿಮೆ ಪ್ರತಿ ಎಣಿಕೆಗೂ ಕಾರ್ಡ್ ಬದಲಾಗುತ್ತದೆ. ಪಿಯಾನೋ ಎಲ್ಲೆಲ್ಲೋ ಸುತ್ತಿ ಬಂದರೂ ಗಿಟಾರಿಗನ ಮೊಲಕ್ಕೆ ಮೂರೇ ಕಾಲು.

ಇನ್ನು ಶ್ರುತಿಯ ವ್ಯಾಜ್ಯ. ಮಳೆಗಾಲದ ತೇವಕ್ಕೆ ಪಿಯಾನೋದ ಹಲಗೆ ಉಬ್ಬಿ ಶ್ರುತಿ ಏರುತ್ತದೆ, ಒಣಹವೆಗೆ ಇಳಿಯುತ್ತದೆ. ಗಿಟಾರಿನ ತಲೆಗೆ ಕಚ್ಚಿಸಿದ ಟ್ಯೂನರ್ ಮಾತ್ರ 440 ಎಂದು ಹಸಿರು ದೀಪ ತೋರಿಸುತ್ತದೆ. "ಟೀಚರ್, ನಿಮ್ಮ ಪಿಯಾನೋ ಸ್ವಲ್ಪ ಮೇಲೆ ಹೋಗಿದೆ" ಎಂದು ಅವನು ವಿನಯದಿಂದಲೇ ಹೇಳುತ್ತಾನೆ. ಟೀಚರ್ ಕನ್ನಡಕದ ಮೇಲಿಂದ ನೋಡಿ ಪುಟ ತಿರುವುತ್ತಾರೆ. ಪಿಯಾನೋದಲ್ಲಿ ಇನ್ನೂರಕ್ಕೂ ಹೆಚ್ಚು ತಂತಿಗಳು, ಗಿಟಾರಿನಲ್ಲಿ ಆರು. ಯಾರು ಯಾರಿಗೆ ಹೊಂದಿಕೊಳ್ಳಬೇಕೆಂಬುದಕ್ಕೆ ಪಂಚಾಯಿತಿ ಬೇಕಿಲ್ಲ.

ಎರಡೂ ವಾದ್ಯ ಜೊತೆಗೂಡಿ ಬಾಳುವ ಕ್ರಮ ಕಷ್ಟದ್ದೇನಲ್ಲ: ಪಿಯಾನೋದ ಎಡಗೈ ಮಂದ್ರದಲ್ಲಿ ನಡೆಯುವಾಗ ಗಿಟಾರಿನ ದಪ್ಪ ತಂತಿಗಳು ಸುಮ್ಮನಿರಬೇಕು, ಮೇಲಿನ ಸ್ಥಾಯಿಯ ತಂತಿಗಳಷ್ಟೇ ಹಗುರಾಗಿ ನುಡಿಯಬೇಕು. ಇಲ್ಲವಾದರೆ ಕೆಳಗಿನ ಸ್ವರಗಳು ಕಲಸಿ ರಾಡಿಯಾಗುತ್ತವೆ. ಶನಿವಾರದ ಅಭ್ಯಾಸದಲ್ಲಿ ಚಿಕ್ಕ ಹುಡುಗರಿಗೆ ಇದನ್ನು ತಾಳ್ಮೆಯಿಂದ ಕಲಿಸುವವನು ಅವನೇ. ಭಾನುವಾರ ಮೊದಲ ಗೀತೆಗೆ ಆರೂ ತಂತಿಗಳನ್ನು ಬಾರಿಸುವವನೂ ಅವನೇ.