ಅಪ್‌ಗ್ರೇಡ್ ರಾಯರು

ನಮ್ಮ ಬಡಾವಣೆಯಲ್ಲಿ ಮನೆಯೊಳಗೆ ಹಾವು ಬಂದರೆ ಫೋನ್ ಮಾಡಲು ಒಬ್ಬರಿದ್ದಾರೆ, ನಲ್ಲಿ ಸೋರಿದರೆ ಇನ್ನೊಬ್ಬರು. ಇಬ್ಬರೂ ಕರೆದರೆ ಬರುತ್ತಾರೆ. ಕರೆಯದೆ ಬರುವವರು ಅಪ್‌ಗ್ರೇಡ್ ರಾಯರು ಮಾತ್ರ. ಗೇಟಿನ ಚಿಲಕ ಸದ್ದಾಗುತ್ತದೆ, ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಒಳಗೆ ಬಂದಿರುತ್ತದೆ: "ಸ್ವಾಮೀ, ಇನ್ನೂ ಅದೇ ವರ್ಷನ್ನಲ್ಲೇ ಇದೀರಾ?" ದನಿಯಲ್ಲಿ ಸಿಟ್ಟಿರುವುದಿಲ್ಲ, ಮರುಕವಿರುತ್ತದೆ. ಸಿಟ್ಟಾದರೆ ಎದುರಿಸಬಹುದಿತ್ತು.

ಇಂಥವರು ಊರೂರಿಗೂ ಇದ್ದಾರೆ. ಕೆಲವು ಕಡೆ ಎಂಜಿನಿಯರಿಂಗ್ ಓದುವ ಹುಡುಗ, ಕೆಲವು ಕಡೆ ಹೆಂಡತಿಯ ತಮ್ಮ. ನಮ್ಮ ಪಾಲಿಗೆ ಬಂದವರು ಬ್ಯಾಂಕಿನಿಂದ ನಿವೃತ್ತರಾದವರು. ಎಂಬತ್ತರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುತ್ತದಂತೆ ಎಂದಾಗ ಯೂನಿಯನ್ನಿನವರ ಜೊತೆ ಗೇಟಿನ ಮುಂದೆ ನಿಂತು ಧಿಕ್ಕಾರ ಕೂಗಿದವರು. ಆಮೇಲೆ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದೇಬಿಟ್ಟಾಗ ತರಬೇತಿಗೆ ಕಳಿಸಲು ಸಿಕ್ಕವರೂ ಅವರೇ. ತರಬೇತಿ ಮುಗಿಸಿ ಬಂದ ಮೇಲೆ ಧಿಕ್ಕಾರ ಕೂಗಿದ್ದ ಬಾಯಲ್ಲಿ ಬರೀ ಫ್ಲಾಪಿಯ ಮಾತು. 2001ರಲ್ಲಿ ಕೊಲ್ಕತ್ತಾಗೆ ವರ್ಗವಾದಾಗ, "ಈ ವಯಸ್ಸಲ್ಲಿ ಸಾಸಿವೆ ಎಣ್ಣೆ ಒಗ್ಗಲ್ಲ" ಎಂದು ವಿಆರ್‌ಎಸ್ ತೆಗೆದುಕೊಂಡು ಮೈಸೂರಿನಲ್ಲೇ ಉಳಿದರು. ಅದೇ ವರ್ಷದ ಅಕ್ಟೋಬರ್ 25ಕ್ಕೆ ವಿಂಡೋಸ್ ಎಕ್ಸ್‌ಪಿ ಬಂತು. ಎರಡೂ ಒಟ್ಟಿಗೇ ಆದದ್ದು ಬಡಾವಣೆಯ ಗ್ರಹಚಾರ.

ಅವರ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರ್, ಬೀಗದ ಕೈಗೊಂಚಲಲ್ಲಿ ಪೆನ್‌ಡ್ರೈವುಗಳು, ಕಂಕುಳಲ್ಲಿ ಜಿಪ್ ಹಾಕಿದ ಸಿಡಿ ಪೌಚು. ಪೌಚಿನಲ್ಲಿರುವ ಸಿಡಿಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರುಗಳಿವೆ. ಅವು ಎಲ್ಲಿಂದ ಬಂದವೆಂದು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಕಂಪ್ಯೂಟರಿಗೆ ಏನೇ ಕಾಯಿಲೆಯಿರಲಿ, ಮೊದಲು ಡಬ್ಬ ಬಿಚ್ಚಿ, ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುತ್ತಾರೆ. ಅರ್ಧ ಕಾಯಿಲೆ ಅಷ್ಟರಲ್ಲೇ ವಾಸಿಯಾಗುತ್ತದೆಂಬುದನ್ನು ನಾನು ಒಲ್ಲದ ಮನಸ್ಸಿನಿಂದ ಒಪ್ಪುತ್ತೇನೆ. ದುಡ್ಡು ಮುಟ್ಟುವುದಿಲ್ಲ. ಕಾಫಿ ಮಾತ್ರ, ಪ್ರತಿ ರೀಸ್ಟಾರ್ಟಿಗೆ ಒಂದು.

ಎಕ್ಸ್‌ಪಿ ಕಥೆಗೆ ಬರುತ್ತೇನೆ. ಇದನ್ನು ನಾನು ಮದುವೆಮನೆಗಳಲ್ಲಿ ಹೇಳಿ ಹೇಳಿ ಹೆಂಡತಿಯಿಂದ ಚಿವುಟಿಸಿಕೊಂಡಿದ್ದೇನೆ, ಆದರೂ ಬಿಡಲಾರೆ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಭದ್ರತಾ ಅಪ್‌ಡೇಟುಗಳು ನಿಂತವು. ರಾಯರು ಮರುದಿನ ಬೆಳಗ್ಗೆ ಪೇಪರಿನವನ ಹಿಂದೆಯೇ ಬಂದರು. "ಇವತ್ತಿಂದ ನಿಮ್ಮನೆಗೆ ಬಾಗಿಲಿಲ್ಲ ಅಂತ ತಿಳ್ಕೊಳಿ. ಹ್ಯಾಕರುಗಳು ನುಗ್ತಾರೆ." ನನ್ನ ಕಂಪ್ಯೂಟರಿನಲ್ಲಿದ್ದದ್ದು ಪತ್ರಿಕೆಗಳು ಮರಳಿಸಿದ ಪ್ರಬಂಧಗಳು ಮತ್ತು ಆರನೇ ಅಧ್ಯಾಯದಲ್ಲಿ ನಿಂತುಹೋದ ಒಂದು ಕಾದಂಬರಿ. ಓದುಗರೇ ಬಾರದ ಕಡೆಗೆ ಹ್ಯಾಕರ್ ಬಂದರೆ ಹಾರ ಹಾಕಿ ಕೂರಿಸುತ್ತೇನೆ ಎಂದೆ. ರಾಯರು ನಗಲಿಲ್ಲ. ಅಷ್ಟರಲ್ಲಿ ಡಬ್ಬ ಬಿಚ್ಚಿಯಾಗಿತ್ತು.

"ಬ್ಯಾಕಪ್?" ಎಂದು ಕೇಳಿದೆ.

"ಎಲ್ಲಾ ಡಿ ಡ್ರೈವಿಗೆ ಹಾಕಿದೀನಿ. ಸಿ ಮಾತ್ರ ಫಾರ್ಮ್ಯಾಟು. ನೀವು ಹೋಗಿ ಸ್ನಾನ ಮಾಡಿ."

ಸ್ನಾನವಾಯಿತು, ತಿಂಡಿಯಾಯಿತು, ಊಟವೂ ಆಯಿತು. ಸಂಜೆಗೆ ವಿಂಡೋಸ್ 7 ಕಣ್ಣು ಬಿಟ್ಟಿತು. ಮರುದಿನ ಕಳಿಸಬೇಕಿದ್ದ ಲೇಖನವನ್ನು ತೆರೆದೆ. ತಲೆಬರಹದಲ್ಲಿ 'ಕನ್ನಡ' ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಜರ್ಮನರ ಜೋಡಿ ಎಸ್ಸು, ಒಂದು ಚಿಕ್ಕ ಕ್ಯೂ. ಕೆಳಗೆ ಪುಟಗಟ್ಟಲೆ ಇದೇ ಸಂತೆ.

ಆದದ್ದು ಇಷ್ಟೆ. ಆ ಕಾಲದಲ್ಲಿ ನಮ್ಮಂಥವರು ನುಡಿ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದ ಕನ್ನಡ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲೇ ನಮ್ಮ ಅಕ್ಷರಗಳ ಚಿತ್ರಗಳನ್ನು ಬಾಡಿಗೆಗೆ ಇರಿಸಿದ್ದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಮನೆಯ ಮೂಲ ಮಾಲೀಕರು ಹೊರಗೆ ಬರುತ್ತಾರೆ. ಫಾಂಟುಗಳ ಫೋಲ್ಡರ್ ಇರುವುದು ಸಿ ಡ್ರೈವಿನಲ್ಲಿ. ರಾಯರು ನನ್ನ ಫೈಲುಗಳನ್ನೆಲ್ಲ ಜೋಪಾನ ಮಾಡಿ ಫಾಂಟುಗಳನ್ನು ತೊಳೆದು ಬಿಟ್ಟಿದ್ದರು.

ಅವರು ಪರದೆಯನ್ನು ತುಂಬ ಹೊತ್ತು ನೋಡಿದರು. "ಫೈಲು ಎಲ್ಲೂ ಹೋಗಿಲ್ಲ ಸ್ವಾಮಿ. ಅಕ್ಷರ ಮಾತ್ರ ಹೋಗಿದೆ."

ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, "ಹೀಗೇ ಕಳಿಸಿ. ಅರ್ಥವಾಗದಿದ್ದರೆ ಈ ಸಲವಾದರೂ ಪ್ರಕಟಿಸುತ್ತಾರೆ" ಎಂದಳು.

ರಾಯರು ರಾತ್ರಿ ಊಟ ಮಾಡದೆ ಹುಡುಕಿ, ಎಲ್ಲಿಂದಲೋ ನುಡಿ ತಂತ್ರಾಂಶದ ಸಿಡಿ ತಂದು ಹಾಕಿದರು. ಅಕ್ಷರಗಳು ಮರಳಿದವು. ಅಲ್ಲಿಗೆ ಬಿಟ್ಟರೆ ರಾಯರು ಹೇಗಾಗುತ್ತಾರೆ? "ತಪ್ಪು ನಿಮ್ಮದೇ. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತದ್ದು 128 ಜಾಗ ಕೊಟ್ಟಿರೋವಾಗ ಇನ್ನೂ ಬಾಡಿಗೆ ಮನೇಲಿ ಇದೀರಲ್ಲ!" ಎಂದು ಎಲ್ಲ ಲೇಖನಗಳನ್ನೂ ಪರಿವರ್ತಿಸಲು ಹೊರಟರು. ಪರಿವರ್ತನೆಯಲ್ಲಿ ಅರ್ಕಾವೊತ್ತುಗಳು ಜಾಗ ತಪ್ಪಿ ಪಕ್ಕದ ಅಕ್ಷರಕ್ಕೆ ಅಂಟಿಕೊಂಡವು. ಮುಂದಿನ ಎಷ್ಟೋ ಸಂಜೆ ಆ ಮನುಷ್ಯ ನನ್ನ ಪಕ್ಕ ಕುಳಿತು, ಕನ್ನಡಕ ಏರಿಸಿ, ಒಂದೊಂದೇ ಅರ್ಕಾವೊತ್ತನ್ನು ಎತ್ತಿ ಸರಿಯಾದ ಕಡೆ ಕೂರಿಸಿದರು. ನನ್ನ ನಿಂತುಹೋದ ಕಾದಂಬರಿಯನ್ನು ಪೂರ್ತಿ ಓದಿದ ಏಕೈಕ ವ್ಯಕ್ತಿ ಅವರು. "ಆರನೇ ಅಧ್ಯಾಯದ್ದು ಮುಂದಿನ ವರ್ಷನ್ ಯಾವಾಗ?" ಎಂದು ಈಗಲೂ ಕೇಳುತ್ತಾರೆ.

ಬೇರೆಯವರ ಮನೆಗಳಲ್ಲೂ ಇಂಥವು ನಡೆದಿವೆ. 2012ರಲ್ಲಿ ವಿಂಡೋಸ್ 8 ಬಂದಾಗ ಅದರಲ್ಲಿ ಸ್ಟಾರ್ಟ್ ಬಟನ್ನೇ ಇರಲಿಲ್ಲ. ರಾಯರು ಅದನ್ನು ಹಾಕಿಕೊಟ್ಟು ಹೋದ ರಾತ್ರಿ ಎದುರುಮನೆಯ ನಿವೃತ್ತ ಹೆಡ್‌ಮಿಸ್ಸು ಕಂಪ್ಯೂಟರ್ ಆರಿಸುವುದು ಹೇಗೆಂದು ತಿಳಿಯದೆ ಫೋನ್ ಮಾಡಿದರು. "ಮೌಸನ್ನ ಬಲಗಡೆ ಮೂಲೆಗೆ ಒಯ್ಯಿ ಮೇಡಂ, ಒಂದು ಪಟ್ಟಿ ಜಾರಿಕೊಂಡು ಬರುತ್ತೆ" ಎಂದು ರಾಯರು ವಿವರಿಸುತ್ತಿರುವಾಗಲೇ ಅವರು ಗೋಡೆಯ ಸ್ವಿಚ್ ಆರಿಸಿ ಮಲಗಿದ್ದರು. ಮರುವರ್ಷ 8.1ರಲ್ಲಿ ಬಟನ್ ವಾಪಸ್ ಬಂದಾಗ ರಾಯರು ತಾವೇ ಹೋರಾಡಿ ತಂದಂತೆ ಸುದ್ದಿ ಹಂಚಿದರು. ಇನ್ನು 2015ರ ಜುಲೈ 29ರಿಂದ ಒಂದು ವರ್ಷ ವಿಂಡೋಸ್ 10 ಪುಕ್ಕಟೆ ಎಂದಾಗ, ಪಲ್ಸ್ ಪೋಲಿಯೊ ಕಾರ್ಯಕರ್ತರಂತೆ ಮನೆ ಮನೆ ಹೊಕ್ಕು ಯಾರೂ ತಪ್ಪಿಹೋಗದಂತೆ ನೋಡಿಕೊಂಡರು.

ಎಕ್ಸ್‌ಪಿ ಹೋದಾಗ ನನ್ನ ಹೆಂಡತಿಗೆ ಬೇಸರವಾದದ್ದು ಒಂದೇ ಕಾರಣಕ್ಕೆ: ಪರದೆಯ ಮೇಲಿನ ಹಸಿರು ಗುಡ್ಡ, ನೀಲಿ ಆಕಾಶ. ಅದು ಕುದುರೆಮುಖದ ಕಡೆಯದೆಂದು ಅವಳ ನಂಬಿಕೆ. ಅದು ಕ್ಯಾಲಿಫೋರ್ನಿಯಾದ ಸೊನೋಮಾ ಎಂಬಲ್ಲಿಯದು, ಚಾರ್ಲ್ಸ್ ಓ'ರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ದಾರಿಯಲ್ಲಿ ಕಾರು ನಿಲ್ಲಿಸಿ ತೆಗೆದದ್ದು ಎಂದು ರಾಯರು ತಿದ್ದಿದರು. ಅವಳು ಒಪ್ಪಲಿಲ್ಲ. ರಾಯರು ವಾದ ಮಾಡದೆ ಆ ಚಿತ್ರವನ್ನು ಹುಡುಕಿ ಹೊಸ ಪರದೆಯ ಮೇಲೂ ಹಾಕಿಕೊಟ್ಟರು.

ಆಮೇಲೊಮ್ಮೆ ಮಗನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ, ಬೇರೆಯವರು ಗೋಲ್ಡನ್ ಗೇಟ್ ಕೇಳುವಲ್ಲಿ ಇವರು ಆ ಗುಡ್ಡ ಕೇಳಿದರಂತೆ. ಮಗ ಒಂದು ಭಾನುವಾರ ಕರೆದೊಯ್ದ. ಗುಡ್ಡವಿತ್ತು, ಹುಲ್ಲಿರಲಿಲ್ಲ. ಆ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಗಳಿಗೆ ಕೀಟ ಹತ್ತಿ ಅವನ್ನು ಕಿತ್ತಿದ್ದ ಕಾಲದಲ್ಲಿ ಸಿಕ್ಕಿದ ಹಸಿರು ಅದು. ಈಗ ಮತ್ತೆ ಸಾಲು ಸಾಲು ಬಳ್ಳಿ, ಕಂಬ, ತಂತಿ. ಊರಿಗೆ ಬಂದು ನಮ್ಮ ಜಗುಲಿಯಲ್ಲಿ ಕುಳಿತು ಫೋಟೊ ತೋರಿಸಿದರು. "ಅದನ್ನೂ ಅಪ್‌ಗ್ರೇಡ್ ಮಾಡ್ಬಿಟ್ಟಿದಾರೆ ಸ್ವಾಮಿ" ಎಂದರು. ಆ ದಿನ ಅವರು ನನ್ನ ವರ್ಷನ್ ಯಾವುದೆಂದು ಕೇಳಲಿಲ್ಲ. ಮಗನ ಮನೆಯ ಮಾತನ್ನೂ ಅಷ್ಟಾಗಿ ಆಡಲಿಲ್ಲ.

ಈಗ ನಮ್ಮ ಸಾಲಿನಲ್ಲಿ ಕಂಪ್ಯೂಟರ್ ಇರುವ ಮನೆಗಳೇ ಕಡಿಮೆ. ಎಲ್ಲರ ಕೈಯಲ್ಲೂ ಫೋನು. ರಾತ್ರಿ ಚಾರ್ಜಿಗೆ ಹಾಕಿದರೆ ತಾನೇ ಅಪ್‌ಡೇಟ್ ಆಗಿ ಬೆಳಗ್ಗೆ ಎದ್ದು ಕೂತಿರುತ್ತದೆ, ಕಾಫಿ ಕೇಳುವುದಿಲ್ಲ. ಹೆಡ್‌ಮಿಸ್ಸು ಮಗಳ ಮನೆಗೆ ಹೋದರು. ರಾಯರು ಸಂಜೆ ವಾಕಿಂಗಿನಲ್ಲಿ ಗೇಟುಗಳ ಮುಂದೆ ಸ್ವಲ್ಪ ನಿಧಾನವಾಗಿ ನಡೆಯುತ್ತಾರೆ.

ಹಾಗಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅವಧಿ ಮುಗಿಯುತ್ತದೆಂದಾಗ ನಮ್ಮನೆಯ ಚಿಲಕದ ಸದ್ದಿಗೆ ನಾನೇ ಕಾಯುತ್ತಿದ್ದೆನೋ ಏನೋ. ಬಂದರು. ಪರೀಕ್ಷಿಸಿದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದಾದರೂ ಆಗಿರಬೇಕು. ರಾಯರೇ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ನನ್ನದು ಮೂರನೆಯದು. ಅರ್ಹತೆಯಿಲ್ಲ ಎಂದು ಪರದೆ ಹೇಳಿತು. ರಾಯರ ಮುಖ ಸಪ್ಪಗಾಯಿತು. "ಓಡ್ತಿರೋ ಮೆಷಿನ್ನಿಗೆ ಹಿಂಗಂತಾರಲ್ಲ." ಅಡ್ಡದಾರಿ ಇದೆಯಂತಲ್ಲ ಎಂದೆ. "ಇದೆ. ಮೊದಲಾಗಿದ್ರೆ ಮಾಡ್ತಿದ್ದೆ. ಈಗ ಬೇಡ" ಎನ್ನುತ್ತ ಗೊಂಚಲಿನಿಂದ ಒಂದು ಪೆನ್‌ಡ್ರೈವ್ ಬಿಚ್ಚಿದರು. "ಲಿನಕ್ಸ್ ಮಿಂಟ್. ಪುಕ್ಕಟೆ, ಹಳೇದಕ್ಕೂ ಒಗ್ಗುತ್ತೆ."

ಕೇಳದೆಯೇ ಮೊದಲು ಫಾಂಟುಗಳ ಫೋಲ್ಡರನ್ನು ಬೇರೆ ಡಿಸ್ಕಿಗೆ ಎತ್ತಿಟ್ಟು ನನಗೆ ತೋರಿಸಿದರು. ಆಮೇಲೆ ಇನ್‌ಸ್ಟಾಲ್ ಒತ್ತಿದರು. ಭಾಷೆ ಕೇಳಿತು, ಕೀಲಿಮಣೆ ಕೇಳಿತು, ಡಿಸ್ಕ್ ಅಳಿಸಲೇ ಎಂದು ಕೇಳಿತು. ಕೊನೆಗೆ ಭೂಪಟ ತೋರಿಸಿ ನೀವು ಎಲ್ಲಿದ್ದೀರಿ ಎಂದು ಕೇಳಿ, ಭಾರತದ ಗಡಿಯಾರಕ್ಕೆಲ್ಲ ಒಂದೇ ಹೆಸರೆಂಬಂತೆ, ಉತ್ತರವನ್ನೂ ತಾನೇ ಬರೆದುಕೊಂಡಿತು: ಕೊಲ್ಕತ್ತಾ.

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ವಿಆರ್‌ಎಸ್ ತಗೊಂಡ್ರೂ ಆರ್ಡರ್ ಬಿಡಲಿಲ್ಲ ನೋಡಿ!"

"ಮುಂದಕ್ಕೆ ಒತ್ತಿಬಿಡಿ ರಾಯರೇ, ಸಮಯ ಒಂದೇ ತಾನೆ" ಎಂದಳು ನನ್ನ ಹೆಂಡತಿ, ಕಾಫಿ ಲೋಟ ಇಡುತ್ತ.

"ಅದ್ಹೆಂಗಾಗುತ್ತೆ ತಾಯಿ?" ಎಂದವರೇ ಆ ಹೆಸರನ್ನು ಅಳಿಸಿ, ಒಂದೇ ಬೆರಳಿನಲ್ಲಿ ಮೈಸೂರು ಎಂದು ಟೈಪ್ ಮಾಡತೊಡಗಿದರು.